ಹೆಣದ ಲೆಕ್ಕ, ಹಣದ ಲೆಕ್ಕ

ಎಲ್ಲೇ ದುರಂತ ನಡೆಯಲಿ, ಸುದ್ದಿಯ ಬೆನ್ನಿಗೇ ಪರಿಹಾರದ ಮೊತ್ತವೂ ಟಿವಿ ಪರದೆಯ ತಳದಲ್ಲಿ ಓಡತೊಡಗುತ್ತದೆ. ಸತ್ತವರೆಷ್ಟು ಎಂಬುದು ರಾತ್ರಿಯವರೆಗೂ ಬದಲಾಗುತ್ತಿರುತ್ತದೆ. ತಲೆಗೆಷ್ಟು ಎಂಬುದು ಮಾತ್ರ ಮೊದಲ ಗಂಟೆಯಲ್ಲೇ ಅಖೈರಾಗಿರುತ್ತದೆ. ಈ ಚುರುಕುತನ ಹಂಚಿಕೆಯಲ್ಲೇಕೆ ಕಾಣುವುದಿಲ್ಲ ಎಂದು ಕೇಳುವವರಿಗೆ ಆಡಳಿತದ ಮರ್ಮ ತಿಳಿದಿಲ್ಲ. ಘೋಷಣೆಗೆ ಮೈಕು ಸಾಕು. ಹಂಚಿಕೆಗೆ ದಾಖಲೆ ಬೇಕು.

ದಾಖಲೆಯ ವಿಷಯದಲ್ಲಿ ಅಮೆರಿಕದವರನ್ನು ಮೆಚ್ಚಲೇಬೇಕು. 2001ರ ಸೆಪ್ಟೆಂಬರ್ 11ರ ದಾಳಿಯ ಬಳಿಕ ಸ್ಥಾಪಿಸಿದ ಪರಿಹಾರ ನಿಧಿಯ ಹಂಚಿಕೆಯನ್ನು ಅವರು ಕೆನೆತ್ ಫೀನ್‌ಬರ್ಗ್ ಎಂಬ ವಕೀಲರಿಗೆ ಒಪ್ಪಿಸಿದರು. ಸತ್ತವರು ಬದುಕಿದ್ದರೆ ಮುಂದೆ ಎಷ್ಟು ದುಡಿಯುತ್ತಿದ್ದರೆಂದು ಗುಣಿಸಿ ಕೊಡಬೇಕೆಂಬುದು ಕಾನೂನಿನ ಅಪ್ಪಣೆ. ಹಾಗಾಗಿ ಒಂದೇ ಬೆಳಿಗ್ಗೆ ಪ್ರಾಣ ಬಿಟ್ಟವರಲ್ಲಿ ಒಬ್ಬರ ಮನೆಗೆ 2.5 ಲಕ್ಷ ಡಾಲರ್ ಹೋದರೆ ಇನ್ನೊಬ್ಬರ ಮನೆಗೆ 71 ಲಕ್ಷ ಡಾಲರ್ ಹೋಯಿತು. ದುಃಖಕ್ಕೆ ಮಾತ್ರ ಏಕದರ: ಸತ್ತ ಪ್ರತಿಯೊಬ್ಬರಿಗೂ 2.5 ಲಕ್ಷ, ಅದರ ಮೇಲೆ ಗಂಡನೋ ಹೆಂಡತಿಯೋ ಇದ್ದರೆ 1 ಲಕ್ಷ, ಪ್ರತಿ ಅವಲಂಬಿತರಿಗೆ ಮತ್ತೆ 1 ಲಕ್ಷ. ಪಾಪ, ನಮ್ಮ ಚಿತ್ರಗುಪ್ತ ಹಳೆಯ ಕಾಲದ ಗುಮಾಸ್ತ. ಅವನ ಕಡತದಲ್ಲಿ ಪಾಪಕ್ಕೊಂದು, ಪುಣ್ಯಕ್ಕೊಂದು ಅಂಕಣವಿದೆಯೇ ಹೊರತು ಸಂಬಳದ ಚೀಟಿ ಅಂಟಿಸಲು ಜಾಗವಿಲ್ಲ. ಕಡೆಗೆ, ಸುಮಾರು 700 ಕೋಟಿ ಡಾಲರ್ ಹಂಚಿ ಮುಗಿಸಿದ ಫೀನ್‌ಬರ್ಗ್, ಇಂಥ ನಿಧಿಗಳಲ್ಲಿ ಎಲ್ಲ ಜೀವಕ್ಕೂ ಒಂದೇ ಬೆಲೆ ಇರಬೇಕೆಂದು ಬಹಿರಂಗವಾಗಿ ಹೇಳಿದರು; 2007ರ ವರ್ಜೀನಿಯಾ ಟೆಕ್ ಗುಂಡಿನ ದಾಳಿಯ ನಿಧಿಯಲ್ಲಿ ಸತ್ತ ಎಲ್ಲರ ಮನೆಗೂ ಸಮನಾಗಿಯೇ ಕೊಟ್ಟರು. ಆ ಮನುಷ್ಯನ ಪ್ರಾಮಾಣಿಕತೆಗೆ ನನ್ನ ತಕರಾರಿಲ್ಲ.

ಸಮಾನತೆಯ ಪಾಠವನ್ನು ಭೋಪಾಲದಲ್ಲಿ ಇನ್ನೂ ಅಗ್ಗಕ್ಕೆ ಕಲಿಸಲಾಯಿತು. 1984ರ ಡಿಸೆಂಬರಿನ ರಾತ್ರಿಯೊಂದರಲ್ಲಿ ಯೂನಿಯನ್ ಕಾರ್ಬೈಡ್ ಕಂಪನಿಯ ಕಾರ್ಖಾನೆಯಿಂದ ವಿಷಾನಿಲ ಸೋರಿದ ನಂತರ, ಸಂತ್ರಸ್ತರು ವಕೀಲರನ್ನು ಹುಡುಕಿ ಅಲೆಯಬಾರದೆಂಬ ಕರುಣೆಯಿಂದ 1985ರ ಕಾಯ್ದೆಯ ಮೂಲಕ ಸರ್ಕಾರವೇ ಅವರೆಲ್ಲರ ಏಕಮಾತ್ರ ಪ್ರತಿನಿಧಿಯಾಯಿತು. 1989ರಲ್ಲಿ ಕಂಪನಿಯೊಂದಿಗೆ 47 ಕೋಟಿ ಡಾಲರಿಗೆ ರಾಜಿಯೂ ಆಯಿತು. ಆಗ ಲೆಕ್ಕಕ್ಕೆ ಹಿಡಿದ ಗಾಯಾಳುಗಳು ಸುಮಾರು ಒಂದು ಲಕ್ಷ. ಆಮೇಲೆ ಬಂದ ಅರ್ಜಿಗಳು 10 ಲಕ್ಷಕ್ಕೂ ಹೆಚ್ಚು, ಪರಿಹಾರಕ್ಕೆ ಅರ್ಹವೆಂದು ಒಪ್ಪಿದವು 5.7 ಲಕ್ಷದಷ್ಟು. ಎಲೆಗಳು ಐದು ಪಟ್ಟಾದರೂ ಪಾತ್ರೆ ಅದೇ. ಅದನ್ನೂ ಸುಮ್ಮನೆ ಬಡಿಸಲಿಲ್ಲ. ಆ ರಾತ್ರಿ ಅಲ್ಲೇ ಇದ್ದಿರೆಂಬುದಕ್ಕೆ ಪುರಾವೆ ಏನು, ಕೆಮ್ಮು ಆ ಗಾಳಿಯದೇ ಎಂಬುದಕ್ಕೆ ವೈದ್ಯರ ಚೀಟಿ ಎಲ್ಲಿ ಎಂದು ವಿಚಾರಿಸಲಾಯಿತು. ಕತ್ತಲಲ್ಲಿ ಮಕ್ಕಳನ್ನು ಎತ್ತಿಕೊಂಡು ಓಡಿದವರು, ಉಸಿರಾಡಿದ್ದಕ್ಕೆ ರಸೀದಿ ಪಡೆಯುವುದನ್ನು ಮರೆತಿದ್ದರು. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ದೇವರು ಕೊಟ್ಟದ್ದೇ ಕಡಿಮೆ.

ಬಹುತೇಕರ ಕೈಗೆ ಬಂದದ್ದು 25,000 ರೂಪಾಯಿ. ಅದಕ್ಕೆ ಮೊದಲು ತಿಂಗಳಿಗೆ 200 ರೂಪಾಯಿಯಂತೆ ಕೊಟ್ಟಿದ್ದ ಮಧ್ಯಂತರ ಪರಿಹಾರವನ್ನು ಅದರಲ್ಲೇ ಮುರಿದುಕೊಳ್ಳಲಾಯಿತು. ಶ್ವಾಸಕೋಶ ಸುಟ್ಟುಹೋದವರ ಲೆಕ್ಕದಲ್ಲಿ ಈ 200 ರೂಪಾಯಿಯನ್ನು ನೆನಪಿಟ್ಟು ಕಳೆದವರು ಯಾರೋ ನನಗೆ ತಿಳಿಯದು. ಅವರಿಗೆ ರಾತ್ರಿ ನಿದ್ದೆ ಬಂದಿರಬಾರದಿತ್ತು. ಉಳಿದ ಹಣ ಬ್ಯಾಂಕಿನಲ್ಲಿ ಬಡ್ಡಿ ಗಳಿಸುತ್ತಾ ಕುಳಿತಿತ್ತು. ಅದನ್ನೂ ಹಂಚಿರೆಂದು 2004ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು.

ಮೊತ್ತ ಸಾಲದೆಂಬುದು ಸರ್ಕಾರಕ್ಕೆ ಹೊಳೆದು, ಕಂಪನಿಯಿಂದ ಇನ್ನಷ್ಟು ಕೊಡಿಸಿ ಎಂದು ಅದು ನ್ಯಾಯಾಲಯದ ಮೆಟ್ಟಿಲೇರಿದ್ದು 2010ರಲ್ಲಿ. 2023ರ ಮಾರ್ಚಿನಲ್ಲಿ ಆ ಅರ್ಜಿ ವಜಾ ಆಯಿತು. ಕೊರತೆ ಬಿದ್ದರೆ ತುಂಬಿಕೊಡುವ ಹೊಣೆ ನಿಮ್ಮದೇ ಆಗಿತ್ತು, ಸಂತ್ರಸ್ತರಿಗಾಗಿ ಮಾಡಿಸಬೇಕಿದ್ದ ವಿಮೆಯನ್ನೂ ನೀವು ಮಾಡಿಸಲಿಲ್ಲ ಎಂದು ನ್ಯಾಯಾಲಯ ನೆನಪಿಸಿತು. ಸಂತ್ರಸ್ತರ ಕಡೆಯಿಂದ ಒಂದು ಕಾಗದ ಕಡಿಮೆಯಾದರೆ ಕಡತ ಮುಚ್ಚುತ್ತಿದ್ದವರು, ತಮ್ಮ ಕಡೆಯ ಈ ಒಂದು ಕಾಗದವನ್ನು ಮೂರು ದಶಕ ಮರೆತಿದ್ದರು.