ಮೂರು ವರ್ಷದ ಕೆಲಸವನ್ನು ತಳ್ಳಿಹಾಕಲು ಮೂರು ನಿಮಿಷ ಸಾಕಾಯಿತು

ನನ್ನ ತಮ್ಮ ಮೆಕ್ಯಾನಿಕಲ್ ಡಿಪ್ಲೊಮಾ ಓದಿದವನು. ಕೊಪ್ಪಳದ ಗಿಣಿಗೇರಾ ಕಡೆಯ ಒಂದು ಕಾರ್ಖಾನೆಯಲ್ಲಿ ಮೂರು ವರ್ಷದಿಂದ ಗುತ್ತಿಗೆದಾರನ ಕೈಕೆಳಗೆ ದುಡಿಯುತ್ತಿದ್ದಾನೆ. ಬೇರಿಂಗ್ ಸವೆದಿದ್ದರೆ ಸದ್ದು ಕೇಳಿಯೇ ಹೇಳುತ್ತಾನೆ. ರಾತ್ರಿ ಎರಡು ಗಂಟೆಗೆ ಕನ್ವೇಯರ್ ಬೆಲ್ಟ್ ಹರಿದರೆ ಫೋನ್ ಬರುವುದು ಅವನಿಗೇ. ಕಳೆದ ವಾರ ಅದೇ ವಿಭಾಗದ ಕಾಯಂ ಹುದ್ದೆಗೆ ಸಂದರ್ಶನ ನಡೆಯಿತು. ಬೇರಿಂಗ್ ಬಗ್ಗೆ ಯಾರೂ ಒಂದು ಮಾತು ಕೇಳಲಿಲ್ಲ. ನಿನ್ನ ಬಗ್ಗೆ ಇಂಗ್ಲಿಷಿನಲ್ಲಿ ಹೇಳು ಎಂದರು. ಎರಡು ವಾಕ್ಯ ಹೇಳಿ ತಡವರಿಸಿದ. ಅಪ್ಪ ಏನು ಮಾಡುತ್ತಾರೆ ಎಂದರು. ಆಮೇಲೆ ಅಂಕಪಟ್ಟಿ ನೋಡಿ, ‘ಎಸ್ಸೆಸ್ಸೆಲ್ಸಿ ಒಂದು ವರ್ಷ ತಡವಾಗಿದೆ, ಫೇಲಾಗಿದ್ದೆಯಾ?’ ಎಂದರು. ಅಲ್ಲಿಗೆ ಮುಗಿಯಿತು.

ಅವನು ಫೇಲಾಗಿರಲಿಲ್ಲ. ಅವನು ಮೂರನೇ ತರಗತಿಯಲ್ಲಿದ್ದಾಗ ಮಳೆ ಕೈಕೊಟ್ಟಿತು. ಅಪ್ಪ, ಅವ್ವ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಗುಳೆ ಹೋದರು. ನಾನು ಅಜ್ಜಿಯ ಬಳಿ ಉಳಿದೆ. ಇವನು ಚಿಕ್ಕವನೆಂದು ಜೊತೆಗೆ ಹೋದ. ತಗಡಿನ ಶೆಡ್ಡಿನ ಮುಂದೆ, ಮರಳಿನ ಗುಡ್ಡೆಯ ಮೇಲೆ ಆ ವರ್ಷ ಕಳೆಯಿತು. ಮರುವರ್ಷ ಮತ್ತೆ ಮೂರನೇ ತರಗತಿಗೇ ಸೇರಿಸಿದೆವು. ಹತ್ತನೆಯವರೆಗೆ ಕನ್ನಡದಲ್ಲಿ ಓದಿದವನ ಕೈಗೆ ಪಾಲಿಟೆಕ್ನಿಕ್‌ನಲ್ಲಿ ಒಮ್ಮೆಗೇ ಇಂಗ್ಲಿಷ್ ಪುಸ್ತಕ ಬಂತು. ಪ್ರತಿ ಸಾಲಿನ ಮೇಲೆ ಪೆನ್ಸಿಲ್‌ನಿಂದ ಕನ್ನಡ ಅರ್ಥ ಬರೆದುಕೊಂಡು ಓದಿದ. ಆ ಪುಸ್ತಕಗಳು ಇನ್ನೂ ನಮ್ಮ ಮನೆಯಲ್ಲಿವೆ. ಸಂದರ್ಶನ ಮಾಡಿದವರು ಒಂದನ್ನಾದರೂ ತೆರೆದು ನೋಡಬೇಕಿತ್ತು!

ಹುದ್ದೆ ಸಿಕ್ಕಿದ್ದು ದೊಡ್ಡ ನಗರದಿಂದ ಬಂದ ಹುಡುಗನಿಗೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ಒಂದನೇ ತರಗತಿಯಿಂದ ಇಂಗ್ಲಿಷ್ ಮಾಧ್ಯಮ, ಸಂಜೆಗೆ ಟ್ಯೂಷನ್, ಏನು ಕೇಳುತ್ತಾರೆಂದು ಮೊದಲೇ ತಿಳಿಸಲು ಇದೇ ಕ್ಷೇತ್ರದಲ್ಲಿರುವ ಚಿಕ್ಕಪ್ಪ. ಇವೆಲ್ಲವನ್ನೂ ಒಟ್ಟು ಸೇರಿಸಿ ‘ಪ್ರತಿಭೆ’ ಎಂದು ಕರೆಯುತ್ತೀರಲ್ಲ, ಸಿಟ್ಟು ಅದಕ್ಕೆ.

ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371 ಜೆ ವಿಧಿ ಇದೆಯಲ್ಲ ಎನ್ನುವವರಿಗೆ ಒಂದು ಮಾತು. 2013ರಿಂದ ನಮ್ಮ ಭಾಗದ ಸರ್ಕಾರಿ ಹುದ್ದೆಗಳಲ್ಲಿ ಸಿ ದರ್ಜೆಗೆ ಶೇ 80, ಡಿ ದರ್ಜೆಗೆ ಶೇ 85 ಸ್ಥಳೀಯರಿಗೆ ಮೀಸಲು. ಖಾಸಗಿ ಕಾರ್ಖಾನೆಯ ಗೇಟಿನೊಳಗೆ ಅದು ನಡೆಯುವುದಿಲ್ಲ. 2024ರ ಜುಲೈನಲ್ಲಿ ಖಾಸಗಿಯಲ್ಲೂ ಕನ್ನಡಿಗರಿಗೆ ಮೀಸಲು ಕೊಡುವ ಮಸೂದೆಗೆ ಸಂಪುಟ ಒಪ್ಪಿತು, ಕೆಲವೇ ದಿನಗಳಲ್ಲಿ ತಡೆಹಿಡಿಯಿತು. ಕಾರ್ಖಾನೆಯ ಕಪ್ಪು ಧೂಳು ಮಾತ್ರ ನಮ್ಮ ಹತ್ತಿಯ ಮೇಲೆ ತಪ್ಪದೇ ಬೀಳುತ್ತದೆ.

ಸೋಮವಾರದಿಂದ ಆ ಹೊಸಬನಿಗೆ ಕೆಲಸ ತೋರಿಸುವ ಜವಾಬ್ದಾರಿ ನನ್ನ ತಮ್ಮನದು. ಇವನಿಗೆ ಇನ್ನೂ ದಿನದ ಹಾಜರಿ ಲೆಕ್ಕವೇ. ಹುದ್ದೆಗೆ ಯೋಗ್ಯನಲ್ಲದವನು ಆ ಹುದ್ದೆಯ ಕೆಲಸ ಕಲಿಸಲು ಹೇಗೆ ಯೋಗ್ಯನಾದ? ಈ ಪ್ರಶ್ನೆಯನ್ನು ನಾನು ಗುತ್ತಿಗೆದಾರನಿಗೂ ಕೇಳಿದೆ. ತಲೆ ತಗ್ಗಿಸಿದ.

ಅವ್ವ ನಿನ್ನೆ ರೊಟ್ಟಿ ತಟ್ಟುತ್ತಾ, ‘ಆ ವರ್ಷ ಅವನನ್ನು ಕರೆದುಕೊಂಡು ಹೋಗಬಾರದಿತ್ತು’ ಎಂದು ಕಣ್ಣೊರೆಸಿಕೊಂಡಳು. ನನ್ನ ಮೈಯೆಲ್ಲ ಉರಿಯಿತು. ಹೊಟ್ಟೆಪಾಡಿಗೆ ಊರು ಬಿಟ್ಟಿದ್ದನ್ನು ಅವಳು ತನ್ನ ತಪ್ಪೆಂದುಕೊಂಡಿದ್ದಾಳೆ.