ಸರ್ಟಿಫಿಕೇಟ್ ಕೊಟ್ಟವರೇ, ಕೆಲಸ ಯಾಕೆ ಕಲಿಸಲಿಲ್ಲ?

ಇವತ್ತು ಇಂಟರ್‌ವ್ಯೂ ಮಾಡಿದವರು, ಆಡಿಟರ್ ಆಫೀಸಿನಲ್ಲಿ ಕೊಟ್ಟ ನನ್ನ ಇಂಟರ್ನ್‌ಶಿಪ್ ಸರ್ಟಿಫಿಕೇಟನ್ನು ಜೋರಾಗಿ ಓದಿದರು. ಅದೇ ತಲೆಯಿಂದ ಹೋಗ್ತಿಲ್ಲ. ಕೆಲಸ ಕೊಡದಿದ್ದರೆ ಬೇಡ, ಕುಶಾಲನಗರದಲ್ಲಿ ಕಾಫಿ ವ್ಯಾಪಾರದ ಆಫೀಸು ಅದೊಂದೇ ಅಲ್ಲ. ಆದರೆ ಹಿಂದೆ ಬೆಂಚಿನ ಮೇಲೆ ಇಂಟರ್‌ವ್ಯೂಗೆ ಬಂದ ಉಳಿದವರೆಲ್ಲ ಕೂತಿದ್ದರು.

ಮೊದಲು ಎರಡು ಹಾಳೆ ಮುಂದಿಟ್ಟರು. ಒಂದು ಟ್ಯಾಲಿಯಿಂದ (ಲೆಕ್ಕ ಬರೆಯೋ ಸಾಫ್ಟ್‌ವೇರ್) ತೆಗೆದ ಪರ್ಚೇಸ್ ರಿಜಿಸ್ಟರ್, ಇನ್ನೊಂದು ಜಿಎಸ್‌ಟಿ ಪೋರ್ಟಲ್‌ನ 2ಬಿ, ಅಂದ್ರೆ ನಮಗೆ ಮಾರಿದವರು ತೋರಿಸಿದ ಬಿಲ್ಲುಗಳ ಪಟ್ಟಿ. "ತಾಳೆ ನೋಡಮ್ಮ, ಯಾವ ಬಿಲ್ಲಿಗೆ ಕ್ರೆಡಿಟ್ ಬರಲ್ಲ ಹೇಳು" ಅಂದರು. ಇನ್‌ಪುಟ್ ಕ್ರೆಡಿಟ್ (ಕೊಳ್ಳುವಾಗ ಕೊಟ್ಟ ಜಿಎಸ್‌ಟಿಯನ್ನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯೋದು) ಬಗ್ಗೆ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದವಳು ನಾನು. ಇಲ್ಲಿ ಒಂದು ಬಿಲ್ ನಂಬರ್‌ನಲ್ಲಿ ಅಡ್ಡಗೆರೆ ಇದೆ, ಆ ಕಡೆ ಇಲ್ಲ. ಇನ್ನೊಂದರಲ್ಲಿ ತಾರೀಕು ಬೇರೆ. ಮತ್ತೊಂದು ಆ ಹಾಳೆಯಲ್ಲೇ ಇಲ್ಲ. ಇವುಗಳಲ್ಲಿ ಯಾವುದನ್ನು ಬಿಡಬೇಕು, ಯಾವುದಕ್ಕೆ ಫೋನ್ ಮಾಡಿ ಸರಿ ಮಾಡಿಸಬೇಕು? ಪೆನ್ನು ಕೈಯಲ್ಲೇ ಉಳೀತು. ಪಕ್ಕದ ಟೇಬಲ್ಲಿನ ಅಕೌಂಟೆಂಟ್ ಟೈಪ್ ಮಾಡೋದು ನಿಲ್ಲಿಸಿ ನೋಡಿದರು. ಕೊನೆಗೆ ಇಂಟರ್‌ವ್ಯೂ ಮಾಡ್ತಿದ್ದವರೇ ಪೆನ್ಸಿಲ್ ತಗೊಂಡು ಟಕಟಕ ಅಂತ ಟಿಕ್ ಹಾಕಿ, "ಇಷ್ಟೇ ಅಮ್ಮ" ಅಂದರು.

ಬೈದಿದ್ದರೂ ಪರವಾಗಿರಲಿಲ್ಲ. ನನ್ನ ಇಂಟರ್ನ್‌ಶಿಪ್ ಸರ್ಟಿಫಿಕೇಟ್ ಎತ್ತಿ ಓದಿದರು: "ಜಿಎಸ್‌ಟಿ ರಿಟರ್ನ್ಸ್, ಟ್ಯಾಲಿ ಮತ್ತು ಆದಾಯ ತೆರಿಗೆಯಲ್ಲಿ ಪ್ರಾಯೋಗಿಕ ತರಬೇತಿ ಪಡೆದಿರುತ್ತಾರೆ." ಆಮೇಲೆ ಹಾಳೆ ತಿರುಗಿಸಿ ಹಿಂದುಗಡೆ ನೋಡಿದರು. "ಮತ್ತೆ ಅಲ್ಲಿ ಏನ್ ಮಾಡ್ತಿದ್ದೆ?"

ಏನ್ ಮಾಡ್ತಿದ್ದೆ? ಬಿಲ್‌ಗಳಿಗೆ ತೂತು ಹೊಡೆದು ಬಾಕ್ಸ್ ಫೈಲಿಗೆ ಹಾಕ್ತಿದ್ದೆ. ಜೆರಾಕ್ಸ್ ಮಾಡಿಸ್ತಿದ್ದೆ. ಕ್ಲೈಂಟ್‌ಗಳಿಗೆ ಫೋನ್ ಮಾಡಿ ಓಟಿಪಿ ಕೇಳ್ತಿದ್ದೆ. ತಿಂಗಳ 14ಕ್ಕೆ 2ಬಿ ಬರುತ್ತೆ, 20ರೊಳಗೆ 3ಬಿ, ಅಂದ್ರೆ ಆ ತಿಂಗಳ ಜಿಎಸ್‌ಟಿ ರಿಟರ್ನ್ ಹಾಕಬೇಕು. 2022ರ ಜನವರಿಯಿಂದ 2ಬಿಯಲ್ಲಿ ಕಾಣದ ಬಿಲ್ಲಿಗೆ ಕ್ರೆಡಿಟ್ ಇಲ್ಲ. ಹಾಗಾಗಿ ಆ ವಾರ ಆಫೀಸಿಗೆ ಆಫೀಸೇ ತಾಳೆ ನೋಡ್ತಾ ಕೂರುತ್ತೆ. ಕಲಿಯೋದಿದ್ದರೆ ಅದೇ ವಾರ. ಆ ವಾರವೇ ನಮಗೆ "ತುಂಬಾ ಬ್ಯುಸಿ ಇದೀವಿ, 21ಕ್ಕೆ ಬನ್ನಿ" ಅಂತ ರಜೆ!

ಇಂಟರ್‌ವ್ಯೂನಲ್ಲಿ ಇನ್ನೊಂದು ಕೇಳಿದರು. ಬೆಳೆಗಾರರು ತಾವೇ ಬೆಳೆದು ಕ್ಯೂರಿಂಗ್ (ಸಿಪ್ಪೆ ತೆಗೆದು ಬೀಜ ಹದ ಮಾಡೋದು) ಮಾಡಿಸಿ ಮಾರಿದ ಕಾಫಿಯ ಆದಾಯದಲ್ಲಿ ಆದಾಯ ತೆರಿಗೆಗೆ ಬರೋದು ಎಷ್ಟು ಭಾಗ? ಶೇ. 25. ಹುರಿದು ಪುಡಿ ಮಾಡಿ ಮಾರಿದರೆ ಶೇ. 40. ಇದು ನನಗೆ ಗೊತ್ತಾಗಿದ್ದು ಇವತ್ತು, ಅವರ ಬಾಯಿಂದ. ಇಂಟರ್ನ್‌ಶಿಪ್ ಮಾಡಿದ ಕಡೆ ರ್‍ಯಾಕ್ ತುಂಬಾ ಪ್ಲಾಂಟರ್‌ಗಳ ಫೈಲೇ ಇತ್ತು. ಒಂದನ್ನೂ ಬಿಚ್ಚಿ ತೋರಿಸಲಿಲ್ಲ. ಕೊಡಗಿನಲ್ಲಿ ಬಿಕಾಂ ಓದಿದವಳಿಗೆ ಕಾಫಿ ಲೆಕ್ಕ ಗೊತ್ತಿಲ್ಲ ಅಂದ್ರೆ ಹೇಗೆ?

ಹೋಗಲಿ, ಆಡಿಟರ್ ಅಂದ್ರೆ ಮೇಷ್ಟ್ರಲ್ಲ. ಕ್ಲೈಂಟ್ ಲೆಕ್ಕ ಕಂಡಕಂಡವರಿಗೆ ತೋರಿಸೋಕಾಗಲ್ಲ, ಒಂದು ತಪ್ಪಾದರೆ ನೋಟಿಸ್ ಬರೋದು ಅವರಿಗೇ. ಅದೂ ನಿಜ. ಎಲ್ಲರದ್ದೂ ಇದೇ ಕಥೆ, ಬಿಟ್ಟುಬಿಡೋಣ ಅಂತ ಬಸ್ಸಿನಲ್ಲಿ ಅಂದುಕೊಂಡೆ. ಸುಂಟಿಕೊಪ್ಪ ದಾಟುವಷ್ಟರಲ್ಲಿ ಮತ್ತೆ ಮೈಯೆಲ್ಲಾ ಉರೀತು. ಯಾಕೆ ಬಿಡಬೇಕು? ಹೆಸರು ಅಳಿಸಿದ ಹಳೇ ಬಿಲ್ಲುಗಳ ಒಂದು ಕಟ್ಟು ಕೊಡಬಹುದಿತ್ತಲ್ಲ? ಟ್ಯಾಲಿಯ ಎಜುಕೇಷನಲ್ ಮೋಡ್‌ಗೆ ಲೈಸೆನ್ಸ್ ದುಡ್ಡೂ ಬೇಡ. ಕೆಲವೇ ತಾರೀಕುಗಳಿಗೆ ಎಂಟ್ರಿ ಹಾಕೋಕಾಗೋದು, ಆದರೆ ಕೈ ಪಳಗೋಕೆ ಅಷ್ಟು ಸಾಕು. ಸಿಎ ಓದುವವರಿಗೆ 2 ವರ್ಷದ ಆರ್ಟಿಕಲ್‌ಶಿಪ್ ಅನ್ನೋ ಕೆಲಸದ ತರಬೇತಿ, ಸ್ಟೈಪೆಂಡ್, ನಿಯಮ ಎಲ್ಲಾ ಇದೆ. ನಮ್ಮನ್ನು ಕೇಳೋರೇ ಇಲ್ವಾ?

ಕಾಲೇಜಿನವರನ್ನೂ ಕೇಳಬೇಕು. ಗೈಡ್ ಒಂದು ದಿನವಾದರೂ ಆ ಆಫೀಸಿಗೆ ಬಂದು ನೋಡಿದ್ರಾ? ವೈವಾದಲ್ಲಿ ಕೇಳಿದ್ದು ಆಫೀಸು ಯಾವ ವರ್ಷ ಶುರುವಾಯಿತು ಅಂತ! ಮಾರ್ಕ್ಸ್ ಬಂದಿದ್ದು ರಿಪೋರ್ಟ್‌ನ ಬೈಂಡಿಂಗ್ ನೋಡಿ. ವಾರಕ್ಕೊಂದು ಸಲ "ಈ ಹುಡುಗಿ ಈ ಕೆಲಸ ತಾನೇ ಮಾಡಿದಳು" ಅಂತ ಆಫೀಸಿನವರಿಂದ ಬರೆಸಿ ಸಹಿ ಹಾಕಿಸಿದ್ದರೆ ಸಾಕಿತ್ತು. ಮಾಡದ ಕೆಲಸಕ್ಕೆ ಸಹಿ ಹಾಕೋಕೆ ಯಾರಾದರೂ ಸ್ವಲ್ಪ ಯೋಚನೆ ಮಾಡ್ತಾರೆ ಅಲ್ವಾ?

ಯಾರಾದರೂ ಉತ್ತರ ಕೊಡಿ. ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ, ಎಲ್ಲಾದರೂ ಸರಿ, 14ರಿಂದ 20ರವರೆಗೂ ವಿದ್ಯಾರ್ಥಿಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಕಲಿಸುವ ಆಫೀಸು ಇದ್ದರೆ ಹೇಳಿ. ಮುಂದಿನ ಸೆಮಿಸ್ಟರ್‌ಗೆ ನನ್ನ ತಂಗಿ ಹೋಗಬೇಕು.