ಡ್ರ್ಯಾಗನ್ ಇರ್ಲಿ ಬಿಡಿ, ಖಾತೆ ಯಾರ ಹೆಸರಲ್ಲಿದೆ?

ಹೋದ ವಾರ ಆಫೀಸ್ ಕ್ಯಾಂಟೀನಲ್ಲಿ ಮತ್ತೆ ಹೌಸ್ ಆಫ್ ದ ಡ್ರ್ಯಾಗನ್ ಮಾತು ಬಂತು, ಗೇಮ್ ಆಫ್ ಥ್ರೋನ್ಸ್‌ಗಿಂತ ಹಿಂದಿನ ಕಾಲದ ಕಥೆ ಹೇಳೋ ಟಿವಿ ಸೀರೀಸ್. ನಾನಿರೋದು ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟಲ್ಲಿ. ಗೇಮ್ ಆಫ್ ಥ್ರೋನ್ಸ್ ಶೂಟಿಂಗ್ ಆದ ಊರು, 2019ಕ್ಕೆ ಅದು ಮುಗಿದು ಇಷ್ಟು ವರ್ಷ ಆದ್ರೂ ನದಿ ದಂಡೆ ಮೇಲೆ ಅದರ ಬಣ್ಣದ ಗಾಜಿನ ಕಿಟಕಿಗಳು ನಿಂತಿವೆ, ಹಂಗಾಗಿ ಈ ಮಾತು ಇಲ್ಲಿ ಯಾವಾಗ ಬೇಕಾದ್ರೂ ಬರುತ್ತೆ. ಡ್ರ್ಯಾಗನ್ ಅಷ್ಟು ತೂಕ ಇಟ್ಕೊಂಡು ಹೆಂಗೆ ಹಾರುತ್ತೆ, ಹೊಟ್ಟೇಲಿ ಬೆಂಕಿ ಎಲ್ಲಿ ಹುಟ್ಟುತ್ತೆ ಅಂತ ಶುರುವಾಯ್ತು. ನಾನು "ಹಾರುತ್ತೆ ಕಣಪ್ಪ, ಬಿಡು" ಅಂದೆ. ಅದಕ್ಕೆ ಟೀಮಲ್ಲಿರೋ ಒಬ್ಬ ನಗ್ತಾ "ನಿನಗೇನು, ನಿಮ್ಮ ಕಡೆಯವ್ರಿಗೆ ಮ್ಯಾಜಿಕ್ ನಂಬೋದು ಸಲೀಸು" ಅಂದ. ನಾನೂ ನಕ್ಕೆ. ಬಸ್ಸಲ್ಲಿ ಮನೆಗೆ ಬರ್ತಾ ಚುಚ್ಚೋಕೆ ಶುರುವಾಯ್ತು ನೋಡಿ, ರಾತ್ರಿ ಊಟ ಮಾಡುವಾಗ್ಲೂ ಅದೇ.

ಯಾಕಂದ್ರೆ ಅವನು ಹೇಳಿದ್ದು ನಿಜ. ಆದ್ರೆ ಅವನು ಅಂದ್ಕೊಂಡ ಥರ ಅಲ್ಲ.

2022ರ ಅಕ್ಟೋಬರಲ್ಲಿ ಎರಡು ವಾರ ರಜೆ ಹಾಕಿ ಹಾಸನಕ್ಕೆ ಹೋಗಿದ್ದೆ. ಹಾಸನಾಂಬೆ ಬಾಗಿಲು ತೆಗೆದಿದ್ರು, ಅಜ್ಜಿನ ಕರ್ಕೊಂಡು ಕ್ಯೂ ನಿಂತು ದರ್ಶನ ಮುಗಿಸಿದ್ವಿ. ಹೌಸ್ ಆಫ್ ದ ಡ್ರ್ಯಾಗನ್ ಮೊದಲ ಸೀಸನ್ ಕೊನೇ ಎರಡು ಎಪಿಸೋಡ್ ಅದೇ ಟೈಮಲ್ಲಿ. ಸೋಮವಾರ ಬೆಳಿಗ್ಗೆ ಆರೂವರೆಗೆ ಬರೋದು, ನನ್ನ ಚಿಕ್ಕಪ್ಪನ ಮಗ ಟಿವಿಗೆ ಹಾಕಿದ. ಕಾಫಿ ಲೋಟ ಹಿಡ್ಕೊಂಡು ದೊಡ್ಡಪ್ಪ ಬಂದು ಕೂತ್ರು, ಹಿಂದೆ ಅಜ್ಜಿ. ಇವನು ಒಂದು ಕೈಲಿ ರಿಮೋಟ್ ಹಿಡ್ಕೊಂಡು (ಯಾಕೆ ಅಂತ ಆ ಸೀರೀಸ್ ನೋಡಿದವ್ರಿಗೆ ಗೊತ್ತು) ಕನ್ನಡದಲ್ಲಿ ಕಥೆ ಹೇಳ್ತಾ ಹೋದ. ಡ್ರ್ಯಾಗನ್ ಬಂತು. ಅಜ್ಜಿ "ಏನೋ ಅದು, ಗಂಡಭೇರುಂಡನಾ" ಅಂದ್ರು, "ಅಂಥದ್ದೇ" ಅಂದ, ಅಷ್ಟೇ. ಮುಗೀತು. ಬೆಂಕಿ ಎಲ್ಲಿಂದ, ರೆಕ್ಕೆ ಎಷ್ಟುದ್ದ, ಯಾರೂ ಕೇಳ್ಲಿಲ್ಲ.

ಕೇಳಿದ್ದೆಲ್ಲ ಬೇರೆ. ದೊಡ್ಡಪ್ಪ ನಮ್ಮೂರ ಡೈರಿ ಸೊಸೈಟಿಲಿ ಮೂರು ಸಲ ಡೈರೆಕ್ಟರ್ ಆಗಿದ್ದವ್ರು. ರಾಜ ಬದುಕಿದ್ದಾಗ್ಲೇ ಮಗಳೇ ಮುಂದಿನ ರಾಣಿ ಅಂತ ಎಲ್ಲಾ ಪಾಳೇಗಾರರ ಕೈಲೂ ಆಣೆ ಮಾಡಿಸಿದ್ದ ಅಂತ ಇವನು ಹೇಳಿದ. ದೊಡ್ಡಪ್ಪ ಲೋಟ ಕೆಳಗಿಟ್ರು. "ಆಣೆ? ಬರೀ ಬಾಯಿ ಮಾತು? ವಿಲ್ ರಿಜಿಸ್ಟರ್ ಮಾಡಿಸ್ಲಿಲ್ವಾ? ಖಾತೆ ಆಗ್ಲಿಲ್ವಾ? ಹೋಯ್ತು ಬಿಡು." ಅವತ್ತಿನ ಎಪಿಸೋಡೇ ಅದು, ರಾಜನ ಉಸಿರು ನಿಂತ ತಕ್ಷಣ ಮಂತ್ರಿ ಅದನ್ನ ಗುಟ್ಟಾಗಿಟ್ಟು ತನ್ನ ಮೊಮ್ಮಗನಿಗೆ, ಅಂದ್ರೆ ರಾಜನ ಎರಡನೇ ಹೆಂಡ್ತಿ ಮಗನಿಗೆ, ಪಟ್ಟ ಕಟ್ಟಿಸೋದು. ದೊಡ್ಡಪ್ಪ ಒಂದೊಂದು ಹೆಜ್ಜೆನೂ ಮೊದಲೇ ಹೇಳ್ತಿದ್ರು, ಈಗ ಒಪ್ಪದವನನ್ನ ಮುಗಿಸ್ತಾರೆ, ಈಗ ಜನ ಸೇರಿಸ್ತಾರೆ ಅಂತ. ಪುಸ್ತಕ ಓದಿದವ್ರೂ ಅಷ್ಟು ಕರೆಕ್ಟಾಗಿ ಹೇಳ್ತಿರ್ಲಿಲ್ಲ. ಹಾಸನದಲ್ಲಿ ಹುಟ್ಟಿದವ್ರಿಗೆ ಯಾವ ಮನೆ ಯಾವ ಮನೇನ ಯಾಕೆ ಬಿಟ್ತು ಅಂತ ಯಾರೂ ಕಲಿಸ್ಬೇಕಿಲ್ಲ.

ಅಜ್ಜಿದು ಇನ್ನೊಂದು ತಕರಾರು. ರಾಣಿ ಆಗ್ಬೇಕಿದ್ದ ಆ ಮಗಳು ಅವಳ ಚಿಕ್ಕಪ್ಪನ್ನೇ ಮದುವೆ ಆಗಿದಾಳಲ್ಲ, ಇಲ್ಲಿ ಬೆಲ್‌ಫಾಸ್ಟಲ್ಲಿ ಎಲ್ಲ ಒಟ್ಟಿಗೆ ಮುಖ ಸಿಂಡರಿಸಿ ಸುಮ್ಮನಾದ್ರು, ಅವರಿಗೆ ಅಪ್ಪನ ತಮ್ಮನೂ ಒಂದೇ ಅಮ್ಮನ ತಮ್ಮನೂ ಒಂದೇ. ಅಜ್ಜಿ ವಿಚಾರಣೆ ನಡೆಸಿದ್ರು. "ಸೋದರಮಾವ ಆಗಿದ್ರೆ ಸರಿ ಕಣೋ. ಚಿಕ್ಕಪ್ಪ ಅಂದ್ರೆ ಅಪ್ಪನ ಸಮ ಅಲ್ವಾ?"

ಕೊನೇ ಎಪಿಸೋಡ್ ಬಂದಿದ್ದು ನರಕ ಚತುರ್ದಶಿ ದಿನವೇ, ತಲೆಗೆ ಎಣ್ಣೆ ಹಚ್ಕೊಂಡೇ ನೋಡಿದ್ವಿ. ಪಟ್ಟ ಕಟ್ಟಿಸ್ಕೊಂಡವನ ತಮ್ಮ ಏಮಂಡ್ ಅನ್ನೋನು ಅಕ್ಕನ, ಅಂದ್ರೆ ಆ ರಾಣಿಯ ಮಗನನ್ನ ಡ್ರ್ಯಾಗನ್ ಮೇಲೆ ಕೂತು ಅಟ್ಟಿಸ್ಕೊಂಡು ಹೋಗ್ತಾನೆ, ಹೆದರ್ಸೋಕೆ ಅಂತ, ಡ್ರ್ಯಾಗನ್ ಇವನ ಮಾತು ಕೇಳದೆ ಆ ಹುಡುಗನ್ನ ಸಣ್ಣ ಡ್ರ್ಯಾಗನ್ ಸಮೇತ ಕಚ್ಚಿ ಹಾಕುತ್ತೆ. ಇಲ್ಲಿ ನಮ್ಮ ಟೀಮಲ್ಲಿ ಇದರ ಮೇಲೆ ಒಂದು ವಾರ ಚರ್ಚೆ. ಸವಾರ ಹೇಳಿದ್ದನ್ನ ಕೇಳಲೇಬೇಕು ಅನ್ನೋ ರೂಲ್ ಇದೆಯಾ ಇಲ್ವಾ, ಇದ್ರೆ ಯಾಕೆ ಮುರೀತು. ನಮ್ಮನೇಲಿ ಅಜ್ಜಿ "ಸೋದರಮಾವನೇ ಕೊಂದ್ನಾ? ಕಂಸ" ಅಂದ್ರು. ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಭರತನ ಚಕ್ರಕ್ಕಿದ್ದ ಬುದ್ಧಿ ಈ ಪ್ರಾಣಿಗೆ ಇಲ್ಲ ನೋಡು, ಅದು ರಕ್ತಸಂಬಂಧ ಗುರುತು ಹಿಡಿದು ಬಾಹುಬಲಿನ ಸುತ್ತಿ ಸುಮ್ಮನೆ ನಿಂತ್ಕೊಳ್ತು" ಅಂದ್ರು. ಬೆಳಗೊಳದ 58 ಅಡಿ ಗೊಮ್ಮಟನ್ನ ಚಿಕ್ಕಂದಿನಿಂದ ನೋಡಿದೀನಿ, ಹಿಂಗೊಂದು ಮಾತು ನನಗೆ ಹೊಳೆದಿರ್ಲಿಲ್ಲ. ಮಂತ್ರ ಹೆಂಗೆ ಕೆಲಸ ಮಾಡುತ್ತೆ ಅನ್ನೋದು ನಮ್ಮವ್ರಿಗೆ ಬೇಡ, ಅದು ಯಾರ ಮೇಲೆ ಹೋಯ್ತು, ನ್ಯಾಯನಾ ಅನ್ಯಾಯನಾ, ಅದು ಬೇಕು. ಬೆಲ್‌ಫಾಸ್ಟಿನವ್ರಿಗೆ ರೆಕ್ಕೆ ಲೆಕ್ಕ ಸರಿಯಾದ್ರೆ ಮಂತ್ರಿ ಮಾಡಿದ ದ್ರೋಹ ಎಲ್ಲ ಓಕೆ. ನನಗಂತೂ ನಮ್ಮ ಹಾಲ್‌ನಲ್ಲಿ ಕೂತು ನೋಡಿದ್ದೇ ಸರಿಯಾಗಿ ನೋಡಿದ್ದು ಅನ್ಸುತ್ತೆ.

ಇಲ್ಲಿಗೆ ನಿಲ್ಲಿಸ್ಬಹುದಿತ್ತು. ಆದ್ರೆ ಇಲ್ಲಿನವ್ರು ರಾಜಕೀಯ ಮಾತಾಡದೇ ಇರೋದಕ್ಕೆ ಕಾರಣ ಇದೆ, ಒಪ್ಕೋಬೇಕು. ಇಲ್ಲಿನ ಇನ್ನೊಂದು ಊರನ್ನ ಡೆರಿ ಅಂದ್ರೆ ಐರ್ಲೆಂಡ್ ಜೊತೆ ಸೇರ್ಬೇಕು ಅನ್ನೋ ಕಡೆಯವ್ನು, ಲಂಡನ್‌ಡೆರಿ ಅಂದ್ರೆ ಬ್ರಿಟನ್ ಜೊತೆನೇ ಇರ್ಬೇಕು ಅನ್ನೋ ಕಡೆಯವ್ನು. ಎರಡು ಕಡೆಯವ್ರ ಬೀದಿ ಮಧ್ಯೆ ಈಗ್ಲೂ ಗೋಡೆ ಇದೆ, ಕೆಲವು ಗೇಟು ಸಂಜೆ ಮುಚ್ತಾರೆ. ನಾವು ಹಾಸನದಲ್ಲಿ ಕೂತು ಮಂತ್ರಿನ ಬೈತಿದ್ದಾಗ ಇಲ್ಲಿ ಸರಿಯಾದ ಸರ್ಕಾರನೇ ಇರ್ಲಿಲ್ಲ, 2022ರ ಫೆಬ್ರವರಿಯಿಂದ ಎರಡು ವರ್ಷ. ಇಂಥ ಕಡೆ ಕ್ಯಾಂಟೀನಲ್ಲಿ ಡ್ರ್ಯಾಗನ್ ತೂಕ ಮಾತಾಡೋದೇ ಕ್ಷೇಮ.

ಇನ್ನೊಂದು, ನಾನು ಏಳನೇ ಕ್ಲಾಸಲ್ಲಿದ್ದಾಗ ಮುಚ್ಚಿದ ಬಾಗಿಲೊಳಗೆ ಆರದೇ ಉರಿಯುತ್ತೆ ಅನ್ನೋ ಹಾಸನಾಂಬೆ ದೀಪಕ್ಕೆ ವರ್ಷ ಪೂರ್ತಿ ಎಣ್ಣೆ ಯಾರು ಹಾಕ್ತಾರೆ ಅಂತ ಕೇಳಿದ್ದೆ. ಇದೇ ದೊಡ್ಡಪ್ಪ ತಲೆ ಮೇಲೆ ಮೊಟಕಿದ್ರು, ಇವತ್ತಿಗೂ ಮತ್ತೆ ಕೇಳಿಲ್ಲ. ನನ್ನ ಕ್ಯಾಂಟೀನ್ ಗೆಳೆಯ ಆಗಿದ್ರೆ ಬಿಡ್ತಿರ್ಲಿಲ್ಲ.

ಮತ್ತೆ ಅತ್ತೆ. ದೊಡ್ಡಪ್ಪನ ತಂಗಿ, ಹಬ್ಬಕ್ಕೆ ತವರಿಗೆ ಬಂದಿದ್ರು, ಅಡುಗೆಮನೆ ಬಾಗಿಲಲ್ಲಿ ನಿಂತೇ ನೋಡ್ತಿದ್ರು. ಹೆಣ್ಣುಮಕ್ಕಳಿಗೂ ಸಮಪಾಲು ಅಂತ ನಮ್ಮ ರಾಜ್ಯದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ ಕಾನೂನು ಬಂತಲ್ಲ, ಅದಾಗಿ ಎರಡು ವರ್ಷಕ್ಕೆ ನಮ್ಮನೇಲಿ ಅತ್ತೇನ ಕಾರಲ್ಲಿ ಕರ್ಕೊಂಡು ಹೋಗಿ ಹಕ್ಕು ಬಿಡುಗಡೆ ಪತ್ರಕ್ಕೆ ಸೈನ್ ಹಾಕಿಸಿದ್ರು, ಬರ್ತಾ ಸೀರೆ ಕೊಡಿಸಿದ್ರು. ಟಿವಿಲಿ ಮಂತ್ರಿ ರಾಣಿ ಹತ್ರ ಬಂದು, ನಿನ್ನ ತಮ್ಮನ್ನ ರಾಜ ಅಂತ ಒಪ್ಕೋ, ಈ ಕೋಟೆ ನೀನೇ ಇಟ್ಕೋ ಅಂತ ಸಂಧಾನ ಮಾಡ್ತಿದ್ದ. ದೊಡ್ಡಪ್ಪ "ಒಪ್ಬಾರ್ದು, ಅಪ್ಪ ಕೊಟ್ಟಿದ್ದು ಅದು" ಅಂತ ಜೋರಾಗೇ ಹೇಳಿದ್ರು.

ಅತ್ತೆ ಇವನನ್ನ ಕೇಳಿದ್ರು, "ಸೈನ್ ಹಾಕಿದ್ಲಾ ಅವ್ಳು?"

"ಇಲ್ಲ ಅತ್ತೆ, ಇನ್ನೂ ಹಾಕಿಲ್ಲ."

ಕಜ್ಜಾಯ ಸೀದೋಗುತ್ತೆ ಅಂತ ಅತ್ತೆ ಒಳಗೆ ಹೋದ್ರು. ದೊಡ್ಡಪ್ಪ ಸೌಂಡ್ ಸ್ವಲ್ಪ ಜಾಸ್ತಿ ಮಾಡು ಅಂದ್ರು.